ಅಣ್ಣನ ಹೆಸರನ್ನೂ ಬಿಡದ ತಂಗಿ

ಗೆಳೆಯರೇ, ಇವತ್ತು ನಾನು ಕೆಲಸ ಮಾಡುವ ಚೆಟ್ಟಳ್ಳಿಯ ಹೋಂಸ್ಟೇಯಲ್ಲಿ ಎಲ್ಲರೆದುರು ನನ್ನ ಮಾನ ಹೋಯಿತು. ತೆಗೆದವಳು ನನ್ನ ತಂಗಿ ಸವಿತಾ.

ಉಳಿಯಲು ಬರುವವರ ಆಧಾರ್ ಕಾರ್ಡಿನ ಫೋಟೋಗಳನ್ನು ನಾವು ಕ್ಲೌಡ್‌ನಲ್ಲಿ ಇಡುತ್ತೇವೆ. ಅವನ್ನು ಹೊರಗಿನವರು ಕದಿಯಲು ಸಾಧ್ಯವೇ ಎಂದು ಪರೀಕ್ಷಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಅವಳ ಮೊದಲ ಕೆಲಸ. ಕೊಟ್ಟ ಕಾಫಿ ಆರುವ ಮೊದಲೇ, ಪಾಸ್‌ವರ್ಡ್ ಇಲ್ಲದೆ ಎಲ್ಲ ಕಾರ್ಡುಗಳನ್ನೂ ಹೋಂಸ್ಟೇ ಮಾಲೀಕರಾದ ಸಾಹುಕಾರರ ಮುಂದೆ ತೆರೆದು ತೋರಿಸಿದಳು.

“ಯಾರಮ್ಮ ಇದನ್ನ ಹೀಗೆ ಬಿಟ್ಟಿದ್ದು?”

“ನಮ್ಮಣ್ಣ, ಸಾರ್. ಲಿಂಕ್ ಇದ್ದವರೆಲ್ಲ ನೋಡೋ ಹಾಗೆ ಮಾಡಿ, ಜೀಪ್ ಡ್ರೈವರ್‌ಗಳ ಗ್ರೂಪಿಗೆ ಹಾಕಿದ್ದಾನೆ.”

ಬಸ್ ಇಳಿದು ಬಂದವರನ್ನು ಕರೆತರುವ ಡ್ರೈವರ್‌ಗಳು ಮುಖ ನೋಡಿ ಗುರುತು ಹಿಡಿಯಲಿ ಎಂದು ಹಾಕಿದ್ದೆ. ಕೆಲಸ ಹೋಯಿತೆಂದು ತಲೆ ತಗ್ಗಿಸಿ ನಿಂತೆ.

“ಅಣ್ಣನ ಹೆಸರು ಹೇಳದೆ ಬಿಡಬಹುದಿತ್ತಲ್ಲ?” ಎಂದರು ಸಾಹುಕಾರರು.

“ಸೋಲಾರ್ ಬೇಲೀಲಿ ಕರೆಂಟ್ ಇಲ್ಲದ ಜಾಗ ನಮ್ಮಣ್ಣ ಕಟ್ಟಿದ್ದು ಅಂತ ಆನೆ ಬಿಟ್ಟು ಹೋಗುತ್ತಾ ಸಾರ್?”

ಸಾಹುಕಾರರು ನಕ್ಕುಬಿಟ್ಟರು. ನನಗೆ ಬೈಗುಳ ಸಿಕ್ಕಿತು, ಕೆಲಸ ಉಳಿಯಿತು. ಬೈಸಿಕೊಳ್ಳುವಾಗಲೂ ಎದೆ ಉಬ್ಬಿಕೊಂಡೇ ಇತ್ತು.

ಜೀಪಿನ ಅಣ್ಣಂದಿರೇ, ಆ ಲಿಂಕ್ ಇನ್ನು ತೆರೆಯುವುದಿಲ್ಲ. ಸುಮ್ಮನೆ ಒತ್ತಿ ನೋಡಬೇಡಿ. ಬೀಗ ಹಾಕಿದವಳು ನನ್ನ ತಂಗಿ.