ಯಾಕಪ್ಪ ಚುನಾವಣೆಗೆ ನಿಂತದ್ದು

ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಯಾಕಪ್ಪ. ಮಾತು ಬಂದ ದಿನದಿಂದ ‘ಯಾಕಪ್ಪಾ ಹೀಗೆ?’ ಎಂದು ಕೇಳಿ ಕೇಳಿ ಕಂಡವರ ತಲೆ ತಿಂದದ್ದಕ್ಕೆ ಸಿಕ್ಕ ಹೆಸರು. ವಯಸ್ಸು ಐವತ್ತೆರಡಾದರೂ ಆ ಚಾಳಿ ಹೋಗಿರಲಿಲ್ಲ. ಮೂರು ಎಕರೆಯಲ್ಲಿ ಎಲೆಕೋಸು, ಬೀನ್ಸ್ ಬೆಳೆಯುತ್ತಿದ್ದ. ಒಂದೇ ಸಾಲಿನಲ್ಲಿ ಒಂದು ಕೋಸು ಗಟ್ಟಿಯಾಗಿ, ಪಕ್ಕದ್ದು ಸಡಿಲವಾಗಿ ಬಂದರೆ ಎರಡನ್ನೂ ಸೀಳಿ, ಬೇರಿನವರೆಗೆ ಕೆದಕಿ ನೋಡದೆ ಊಟಕ್ಕೆ ಏಳುತ್ತಿರಲಿಲ್ಲ.

ಅವನ ಹೊಲದ ಬೇಲಿಯಾಚೆ ಒಂದು ಪುಟ್ಟ ರೈಲು ನಿಲ್ದಾಣ. ಬೆಳಗ್ಗೆ ಏಳೂಕಾಲಿಗೆ ಬರುವ ರೈಲಿಗೆ ಸುತ್ತಲಿನ ಹಳ್ಳಿಗಳವರೆಲ್ಲ ತರಕಾರಿ ಬುಟ್ಟಿ ಏರಿಸಿ ಪಟ್ಟಣಕ್ಕೆ ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ರೈಲು ನಿಲ್ಲಲಿಲ್ಲ. ಬುಟ್ಟಿಗಳೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಕೂತಿದ್ದ ಹಾಗೇ ರೈಲು ಭರ್ರನೆ ಹೊರಟುಹೋಯಿತು. ಕೋಸಿನ ಹೊರ ಎಲೆಗಳು ಗಾಳಿಗೆ ಹಾರಿ ಹಳಿಯ ಮೇಲೆ ಬಿದ್ದವು. ಅಂದಿನಿಂದ ಪಟ್ಟಣಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗುವುದೇ ಗತಿಯಾಯಿತು. ಉಳಿದವರು ರೈಲನ್ನು ಬೈದು ಸುಮ್ಮನಾದರು. ಯಾಕಪ್ಪ ಸುಮ್ಮನಾಗಲಿಲ್ಲ.

‘ಮೇಲಿಂದ ಆರ್ಡರ್ ಬಂದಿದೆ’ ಎಂದರು ಸ್ಟೇಷನ್ ಮಾಸ್ತರರು.

‘ಮೇಲೆ ಅಂದ್ರೆ ಎಷ್ಟು ಮೇಲೆ, ಸಾರ್?’

ಮಾಸ್ತರರು ಸುಮ್ಮನೆ ಸೂರು ನೋಡಿದರು. ಜಿಲ್ಲಾ ಕಚೇರಿಯಲ್ಲಿ ಕೇಳಿದರೆ ಅಲ್ಲಿಯೂ ಮೇಲಕ್ಕೇ ಬೆರಳು ತೋರಿಸಿದರು. ಹೀಗೆ ಹತ್ತಿ ಹತ್ತಿ ಕೊನೆಗೆ ಪಟ್ಟಣದಲ್ಲಿದ್ದ ಸಂಸದರ ಕಚೇರಿ ತಲುಪಿದ. ಅಲ್ಲಿನ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಎರಡು ನಿಮಿಷ ಕೂರಿಸಿಕೊಂಡು ಮಾತಾಡಿದ.

‘ಇಂಥದ್ದನ್ನ ಸಂಸತ್ತಲ್ಲೇ ಕೇಳಬೇಕು. ಅಲ್ಲಿ ಕೇಳಿದ್ರೆ ಉತ್ತರ ಕೊಡಲೇಬೇಕು, ತಪ್ಪಿಸ್ಕೊಳ್ಳೋ ಹಾಗಿಲ್ಲ.’

‘ಹಾಗಾದ್ರೆ ನಾನೇ ಹೋಗಿ ಕೇಳ್ತೀನಿ.’

‘ಕಂಡಕಂಡವರು ಹೋಗಿ ಕೇಳೋದಕ್ಕೆ ಅದೇನು ಸಂತೆಯೇ? ಗೆದ್ದು ಬಂದವರು ಮಾತ್ರ ಕೇಳಬಹುದು’ ಎಂದು ಕಾರ್ಯದರ್ಶಿ ನಕ್ಕ. ಅವನ ಪಾಲಿಗೆ ಅದು ತಮಾಷೆ. ಯಾಕಪ್ಪ ಅದನ್ನು ದಾರಿ ಹೇಳಿಕೊಟ್ಟಂತೆ ತೆಗೆದುಕೊಂಡು ಬಸ್ಸು ಹತ್ತಿದ.

ಮನೆಯಲ್ಲಿ ಹೆಂಡತಿ ಬೀನ್ಸಿನ ನಾರು ಬಿಡಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದ: ‘ನಾನು ಚುನಾವಣೆಗೆ ನಿಲ್ತೀನಿ. ಸಂಸತ್ತಿಗೆ.’

‘ಯಾಕ್ರೀ?’

‘ಒಂದು ಪ್ರಶ್ನೆ ಕೇಳೋದಿದೆ.’

‘ನೀವು? ಬರೀ ಒಂದೇ ಪ್ರಶ್ನೆ?’ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಕಣ್ಣೊರೆಸಿಕೊಂಡಮೇಲೆ ಗಂಡನ ಮುಖ ನೋಡಿದಳು. ಅವನು ನಗುತ್ತಿರಲಿಲ್ಲ. ‘ನಿಂತ್ಕೊಳ್ಳಿ ಮತ್ತೆ. ಮೂವತ್ತು ವರ್ಷದಿಂದ ನಾನೊಬ್ಬಳೇ ಅನುಭವಿಸಿದ್ದು ಸಾಕು. ಅಲ್ಲಿರೋರೂ ಸ್ವಲ್ಪ ಅನುಭವಿಸಲಿ.’

ನಾಮಪತ್ರಕ್ಕೆ ಹತ್ತು ಜನರ ಸಹಿ ಬೇಕಿತ್ತು. ಕಮ್ಮಾರ, ದರ್ಜಿ, ಹಿಟ್ಟಿನ ಗಿರಣಿಯವನು, ಸೂಲಗಿತ್ತಿ, ಹೀಗೆ ಮನೆ ಮನೆ ತಿರುಗಿ ಹಾಕಿಸಿದ. ಚುನಾವಣಾಧಿಕಾರಿಯ ಕೋಣೆಯಲ್ಲಿ ಅರ್ಜಿಯ ಒಂದೊಂದು ಕಲಮನ್ನೂ ಓದಿ, ತಂದೆಯ ಹೆಸರನ್ನು ಎರಡು ಕಡೆ ಯಾಕೆ ಕೇಳುತ್ತಾರೆಂದು ವಿಚಾರಿಸಿದ. ಅಧಿಕಾರಿ ಪೆನ್ನು ಕೆಳಗಿಟ್ಟು, ‘ನೋಡಿ ಯಜಮಾನರೇ, ಹೊರಗೆ ಇನ್ನೂ ಏಳು ಜನ ಕಾಯ್ತಾ ಇದಾರೆ’ ಎಂದು ಕೈಮುಗಿದರು. ಚಿಹ್ನೆಯಾಗಿ ಸಿಕ್ಕಿದ್ದು ಏಣಿ.

ಹೆಂಡತಿಯ ತಮ್ಮ ಬಸ್ ಕಂಡಕ್ಟರ್. ಮೂರು ವಾರ ರಜೆ ಹಾಕಿ ಬಂದ. ಎಲ್ಲಿಂದಲೋ ಮೈಕು ತಂದ, ನಿಜವಾದ ಏಣಿಯೊಂದನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಕಟ್ಟಿದ, ನಾಲ್ಕು ಪುಟದ ಭಾಷಣ ಬರೆದು ಭಾವನ ಜೇಬಿಗೆ ತುರುಕಿದ. ‘ಭಾವ, ದಮ್ಮಯ್ಯ, ಇದನ್ನ ಓದಿ ಇಳಿದುಬಿಡಿ. ಏನೂ ಕೇಳೋಕೆ ಹೋಗಬೇಡಿ.’

ಮೊದಲ ಹಳ್ಳಿಯಲ್ಲಿ ಮೂವತ್ತು ಜನ ಸೇರಿದ್ದರು. ಯಾಕಪ್ಪ ಟ್ರೇಲರ್ ಹತ್ತಿ, ‘ನನ್ನನ್ನು ಗೆಲ್ಲಿಸಿ ಕಳುಹಿಸಿದರೆ’ ಎಂದು ಓದಲು ಶುರುಮಾಡಿದ. ತಲೆ ಎತ್ತಿದಾಗ ಜನರ ಹಿಂದಿದ್ದ ಶಾಲೆ ಕಣ್ಣಿಗೆ ಬಿತ್ತು. ಅದರ ಬೆನ್ನು ರಸ್ತೆಗೆ, ಬಾಗಿಲು ಚರಂಡಿಗೆ. ಭಾಷಣ ಅಲ್ಲೇ ನಿಂತಿತು.

‘ಯಾಕಪ್ಪಾ ಆ ಶಾಲೆ ಆ ಕಡೆ ತಿರುಗಿದೆ?’

ಯಾರೋ ಕಿಸಕ್ಕೆಂದರು. ಮರುಕ್ಷಣ ಮೂವತ್ತು ಜನವೂ ಒಟ್ಟಿಗೆ ಬಾಯಿ ಬಿಟ್ಟರು. ನಕ್ಷೆಯನ್ನು ತಲೆಕೆಳಗಾಗಿ ಹಿಡಿದರು ಎಂದು ಒಬ್ಬ, ರಸ್ತೆಯೇ ಆಮೇಲೆ ಬಂದದ್ದು ಎಂದು ಇನ್ನೊಬ್ಬಳು, ಸುಳ್ಳು ಸುಳ್ಳು ಎಂದು ಮೂರನೆಯವನು. ಒಂದು ಗಂಟೆಯಾದರೂ ಮುಗಿಯಲಿಲ್ಲ. ಕಂಡಕ್ಟರು ಮೊದಲು ಹಣೆ ಚಚ್ಚಿಕೊಂಡ, ಆಮೇಲೆ ಬಸ್ಸಿನೊಳಗೆ ಟಿಕೆಟ್ ಕೊಡುವವನ ಹಾಗೆ ಜನರ ನಡುವೆ ನುಗ್ಗಿ ಒಬ್ಬೊಬ್ಬರ ಬಾಯಿಗೂ ಮೈಕು ಹಿಡಿದ. ‘ನೂಕಬೇಡಿ, ಒಬ್ಬೊಬ್ಬರೇ, ಮುಂದೆ ಬನ್ನಿ!’

ಅಲ್ಲಿಂದ ಮುಂದೆ ಪ್ರಚಾರ ನಡೆದದ್ದೇ ಹಾಗೆ. ಯಾಕಪ್ಪ ಕೇಳುತ್ತಿದ್ದ, ಜನ ಹೇಳುತ್ತಿದ್ದರು. ಎರಡೂ ಕಡೆ ರಸ್ತೆಯಿಲ್ಲದೆ ಗದ್ದೆಯ ಮಧ್ಯೆ ನಿಂತ ಸೇತುವೆ. ಮಂಗಳವಾರ ಮಾತ್ರ ಬಾಗಿಲು ತೆರೆಯುವ ಆಸ್ಪತ್ರೆ. ಇವಕ್ಕೆಲ್ಲ ಕಾರಣವೇನೆಂದು ನಿಂತು ಯೋಚಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಒಂದು ಕಡೆ ಓಟು ಕೇಳಲು ಹೋದರೆ ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು, ‘ಓಟಿನ ವಿಷಯ ಆಮೇಲಪ್ಪ. ಏಣಿ ತಂದಿದೀಯಲ್ಲ, ಹತ್ತಿ ಆ ಹೆಂಚು ಸರಿಮಾಡಿಕೊಡು’ ಎಂದಳು. ಹತ್ತಿದ. ಅಲ್ಲಿಂದ ಮುಂದಿನ ನಾಲ್ಕು ಮನೆಗಳವರೂ ಕೈಬೀಸಿ ಕರೆದರು. ಆ ದಿನ ಎರಡು ಹಳ್ಳಿಯ ಪ್ರಚಾರ ಕೈತಪ್ಪಿತು.

ಮತದಾನಕ್ಕೆ ನಾಲ್ಕು ದಿನ ಮೊದಲು ಪಟ್ಟಣದ ಸಭಾಂಗಣದಲ್ಲಿ ಅಭ್ಯರ್ಥಿಗಳನ್ನೆಲ್ಲ ಒಂದೇ ವೇದಿಕೆಗೆ ಕರೆದಿದ್ದರು. ಯಾಕಪ್ಪನ ಪಕ್ಕದಲ್ಲೇ ಹಾಲಿ ಸಂಸದರು. ದಪ್ಪನೆಯ ಆಸಾಮಿ, ಗಳಿಗೆಗೊಮ್ಮೆ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಸರದಿ ಬಂದಾಗ ಯಾಕಪ್ಪ ಸಭೆಯ ಕಡೆ ತಿರುಗಲೇ ಇಲ್ಲ, ಅವರ ಕಡೆ ತಿರುಗಿದ.

‘ಏಳೂಕಾಲಿನ ರೈಲು ನಮ್ಮೂರಲ್ಲಿ ನಿಲ್ಲಬಾರದು ಅಂತ ತೀರ್ಮಾನ ಮಾಡಿದ್ದು ಯಾರು, ಸಾರ್?’

ಸಂಸದರು ಕುತ್ತಿಗೆ ಒರೆಸಿಕೊಂಡರು. ಕೊನೆಗೆ ಮೈಕಿನಿಂದ ಸ್ವಲ್ಪ ಹಿಂದೆ ಸರಿದು, ‘ನಿಜ ಹೇಳ್ಲಾ? ನನಗೂ ಗೊತ್ತಿಲ್ಲ’ ಎಂದರು.

ಸಭೆ ಗೊಳ್ಳೆಂದು ನಕ್ಕಿತು. ಯಾಕಪ್ಪನಿಗೆ ನಗು ಬರಲಿಲ್ಲ. ಇಷ್ಟು ಎತ್ತರದಲ್ಲಿ ಕೂತವರಿಗೂ ಗೊತ್ತಿಲ್ಲವೆಂದರೆ ಗೊತ್ತಿರುವವರು ಎಲ್ಲಿದ್ದಾರೆ? ಮನೆಗೆ ಬರುವವರೆಗೂ ಅದೇ ಹುಳ ತಲೆ ಕೊರೆಯಿತು.

ಗೆದ್ದವರು ಸಂಸದರೇ. ಯಾಕಪ್ಪನಿಗೆ ಐದು ಸಾವಿರದ ನೂರಾ ನಲವತ್ತು ಓಟು ಬಿದ್ದು ಠೇವಣಿ ಹೋಯಿತು. ಹಾರದ ಭಾರಕ್ಕೆ ಬಗ್ಗಿದ್ದ ಸಂಸದರು ಎಣಿಕೆ ಕೇಂದ್ರದ ಬಾಗಿಲಲ್ಲಿ ಅವನನ್ನು ಕಂಡು ನಿಂತರು. ‘ನಿಮ್ಮ ಪ್ರಶ್ನೆ ಒಂದು ಚೀಟೀಲಿ ಬರೆದುಕೊಡಿ. ನಾನೇ ಕೇಳ್ತೀನಿ. ಈಗ ನನಗೂ ತಿಳ್ಕೋಬೇಕು ಅನಿಸ್ತಿದೆ.’

ಮಾತಿಗೆ ತಪ್ಪಲಿಲ್ಲ. ಎರಡು ತಿಂಗಳಾದ ಮೇಲೆ ಅಂಚೆಯಲ್ಲಿ ಮುದ್ರಿತ ಉತ್ತರ ಬಂತು. ಇದ್ದದ್ದು ನಾಲ್ಕು ಸಾಲು: ಇಂಥ ಬುಧವಾರ ಪ್ರಯಾಣಿಕರನ್ನು ಎಣಿಸಲಾಗಿ ಹನ್ನೊಂದು ಮಂದಿ ಮಾತ್ರ ಕಂಡುಬಂದುದರಿಂದ ನಿಲುಗಡೆ ರದ್ದುಮಾಡಲಾಯಿತು. ಯಾಕಪ್ಪ ತಾರೀಖನ್ನು ಗಟ್ಟಿಯಾಗಿ ಓದಿದ. ಒಳಗಿದ್ದ ಹೆಂಡತಿ ಹೊರಗೆ ಬಂದಳು.

‘ಅವತ್ತೇ ಅಲ್ವೇನ್ರೀ, ಹಳ್ಳದ ಸೇತುವೆ ಕಿತ್ತು ರಿಪೇರಿ ಮಾಡ್ತಿದ್ದದ್ದು? ವಾರ ಪೂರ್ತಿ ಆಚೆ ಕಡೆಯವರು ಈ ಕಡೆ ಬರೋಕೇ ಆಗಿರಲಿಲ್ಲ. ನನ್ನ ತಮ್ಮನ ಬಸ್ಸೂ ನಿಂತಿತ್ತು.’

ಎಣಿಸಲು ಬಂದವನು ಎಣಿಸಿ ಬರೆದುಕೊಂಡು ಹೋಗಿದ್ದ. ಹನ್ನೊಂದೇ ಜನ ಯಾಕೆ ಎಂದು ಪ್ಲಾಟ್‌ಫಾರ್ಮಿನಲ್ಲಿ ಯಾರನ್ನೂ ಕೇಳಿರಲಿಲ್ಲ. ಯಾಕಪ್ಪ ಇದನ್ನು ಬರೆದು ಕಳುಹಿಸಿದ. ಮತ್ತೆ ಎಣಿಕೆ ಮಾಡಿಸಿದರು, ಈ ಸಲ ಏಳು ದಿನ. ಈಗ ರೈಲು ವಾರಕ್ಕೆ ಮೂರು ದಿನ ನಿಲ್ಲುತ್ತದೆ. ಮೂರೇ ಯಾಕೆ ಎಂಬ ಪತ್ರ ಹೋಗಿದೆ, ಉತ್ತರ ಬಂದಿಲ್ಲ.

ಆದರೆ ಫಲಿತಾಂಶದ ದಿನದಿಂದಲೂ ಅವನನ್ನು ಬೇರೊಂದು ವಿಷಯ ಕಾಡುತ್ತಿತ್ತು. ಮತಗಟ್ಟೆವಾರು ಪಟ್ಟಿಯಲ್ಲಿ ತನ್ನೂರನ್ನು ಬಿಟ್ಟರೆ ಎಲ್ಲ ಕಡೆ ಅವನಿಗೆ ಬಿದ್ದದ್ದು ಎರಡೋ ಮೂರೋ. ಜಿಲ್ಲೆಯ ತುತ್ತತುದಿಯ ಒಂದು ಗುಡ್ಡದೂರಿನಲ್ಲಿ ಮಾತ್ರ ಇನ್ನೂರ ಮೂವತ್ತೊಂದರಲ್ಲಿ ಇನ್ನೂರ ಹದಿನಾಲ್ಕು! ಆ ಊರಿಗೆ ಅವನು ಕಾಲಿಟ್ಟಿರಲೇ ಇಲ್ಲ. ಅಲ್ಲಿ ನೆಂಟರಿಲ್ಲ, ಗುರುತಿನವರಿಲ್ಲ. ಕೋಸಿನ ಕಟಾವು ಮುಗಿದದ್ದೇ ತಡ, ಹೊರಟ. ಬಸ್ಸು ಇಳಿದಮೇಲೆ ಎರಡು ಗಂಟೆ ನಡಿಗೆ.

ಊರ ಮುಂದಿನ ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಹಗ್ಗ ಹೊಸೆಯುತ್ತಿದ್ದರು. ಯಾಕಪ್ಪ ಬೆವರು ಒರೆಸಿಕೊಂಡು ಕೇಳಿದ: ‘ಇಲ್ಲಿ ಏಣಿಗೆ ಅಷ್ಟೊಂದು ಓಟು ಬಿತ್ತಲ್ಲ, ಯಾಕವ್ವಾ?’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯಳು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

‘ಬಂದ್ನಲ್ಲ! ನಾನು ಹೇಳಲಿಲ್ವೇನ್ರೇ, ಬಂದೇ ಬರ್ತಾನೆ ಅಂತ?’ ಎಂದು ಪಕ್ಕದವಳ ತೊಡೆಗೆ ತಟ್ಟಿದಳು. ‘ನೋಡಪ್ಪ, ಓಟು ಕೇಳೋಕೆ ಈ ಗುಡ್ಡ ಹತ್ತಿ ಯಾರೂ ಬರೋದಿಲ್ಲ. ನೀನೂ ಬರಲಿಲ್ಲ. ಊರೂರಿಗೆ ಹೋಗಿ ಯಾಕೆ ಯಾಕೆ ಅಂತ ಕೇಳೋನೊಬ್ಬ ಇದಾನೆ ಅಂತ ಕೆಳಗಿನಿಂದ ಬಂದವರು ಹೇಳಿದ್ರು. ಎಲ್ಲರೂ ಅವನಿಗೇ ಹಾಕಿಬಿಡೋಣ, ಯಾಕೆ ಹಾಕಿದ್ರಿ ಅಂತ ಕೇಳೋಕಾದ್ರೂ ಬರ್ತಾನೆ ಅಂತ ಲೆಕ್ಕ ಹಾಕಿದ್ವಿ.’

ಒಬ್ಬಳು ಚೊಂಬಿನಲ್ಲಿ ನೀರು ತಂದುಕೊಟ್ಟಳು. ಇನ್ನೊಬ್ಬಳು ಹಗ್ಗದ ಸುರುಳಿ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು.

‘ಕೂತ್ಕೋ ಮಗ’ ಎಂದಳು ಮುದುಕಿ. ‘ನಮ್ಮೂರಿಗೆ ಬರೋ ರಸ್ತೆ ಅರ್ಧಕ್ಕೇ ನಿಂತಿದ್ದು ನೋಡಿದೆ ತಾನೆ? ಅದು ಯಾಕೆ ಅಂತ ಮೊದಲು ಕೇಳು.’