ಸಂತೆಗೆ ಮೂರು ಕಾಸು

ಮಲೆಯಾಚೆಯ ಅಣೆಕಟ್ಟಿನ ನೀರು ತಮಿಳು ಸೀಮೆಯ ನಮ್ಮ ಕಣಿವೆಗೆ ಬಂದ ಹೊಸತು. ಹೊಲಗಳು ಗದ್ದೆಗಳಾಗಿ, ಚಿನ್ನಮನೂರಿನ ವಾರದ ಸಂತೆಯೂ ದೊಡ್ಡದಾಯಿತು. ಅದರ ಜೊತೆಗೆ ನನ್ನ ಮತ್ತು ತಮ್ಮನ ಆಸೆಯೂ ಬೆಳೆಯಿತು. ಬುಗುರಿ ಬೇಕು, ಬಳೆ ಬೇಕು, ಕರಿಬೆಲ್ಲದ ಉಂಡೆ ಬೇಕು ಎಂದು ಗಾಡಿ ಇಳಿಯುವ ಮೊದಲೇ ಶುರು ಮಾಡುತ್ತಿದ್ದೆವು.

ಅಪ್ಪನ ತಾಯಿಯನ್ನು ನಾವು ಅವ್ವ ಎನ್ನುತ್ತಿದ್ದೆವು. ಸಂತೆಯ ಚೀಲ ಆಕೆಯ ಕೈಯಲ್ಲಿ. ನಮ್ಮ ಕಾಟ ತಾಳಲಾರದೆ ಒಂದು ದಿನ ಇಬ್ಬರ ಅಂಗೈಗೂ ಮೂರು ಮೂರು ಕಾಸು ಹಾಕಿದಳು. ಮೂರು ಕಾಸಿಗೆ ಸಮನಾದ ಕಾಲಾಣೆಯ ನಾಣ್ಯ ಒಂದನ್ನೇ ಕೊಡಬಹುದಿತ್ತು. ಒಂದೇ ಆದರೆ ಒಂದೇ ಏಟಿಗೆ ಹೋಗುತ್ತದೆಂದು ಚಿಲ್ಲರೆ ಮಾಡಿಸಿ ತಂದಿದ್ದಳು.

"ಇದು ನಿಮ್ದು ಕಣ್ರಪ್ಪಾ. ತಿನ್ನಿ, ಇಡಿ, ಕೆರೆಗೆ ಎಸೀರಿ, ನಾ ಕೇಳಾಕಿಲ್ಲ. ಮುಗುದ್ರೆ ಬರೋ ಸಂತೆಗಂಟ ನೀವೂ ಕೇಳ್ಬಾರ್ದು."

ನನ್ನ ಕಾಸು ಎತ್ತುಗಳ ನೊಗ ಬಿಚ್ಚುವಷ್ಟರಲ್ಲೇ ಹೊಟ್ಟೆ ಸೇರಿತು. ತಮ್ಮ ತನ್ನದನ್ನು ಉಡಿದಾರಕ್ಕೆ ಗಂಟು ಹಾಕಿಕೊಂಡು ದಿನವಿಡೀ ತಡವಿ ನೋಡುತ್ತಿದ್ದ. ಸಂಜೆ ಬಳೆಗಾರನ ಮುಂದೆ ನಿಂತು ನಾನು ಅವ್ವನ ಸೆರಗು ಎಳೆದೆ. ಆಕೆ ಆಚೆ ಕಟ್ಟಿದ್ದ ಎತ್ತುಗಳನ್ನು ಬಲು ಆಸಕ್ತಿಯಿಂದ ನೋಡತೊಡಗಿದಳು.

ಮಾವಿನ ಕಾಲ ಬಂತು. ಪೆರಿಯಕುಳದ ಗಾಡಿಯವನು ಗಾಳಿಗೆ ಉದುರಿದ ಕಾಯಿಗಳನ್ನು ಮೂಲೆಯಲ್ಲಿ ರಾಶಿ ಹಾಕಿದ್ದ. ನನ್ನ ಎರಡು ಕಾಸಿಗೆ ಮಡಿಲು ತುಂಬಾ ಕೊಟ್ಟ. ಹೆಚ್ಚಿ, ಉಪ್ಪು ಖಾರ ಹಚ್ಚಿ ಮಾರೋಣವೆಂದೆ. ತಮ್ಮ ಕೂಡಲೇ ಪಾಲುದಾರನಾದ. ಉಪ್ಪಿಗೆ ಅವ್ವನ ಚೀಲಕ್ಕೆ ಕೈ ಹಾಕಿದರೆ ಆಕೆ ಕೈ ಹಿಡಿದಳು.

"ಯಾಪಾರ ನಿಂದು, ಉಪ್ಪು ನಂದಾ? ಒಂದು ಕಾಸು ಇಡು."

ಹುಣಸೆಮರದ ಕೆಳಗೆ ಮುತ್ತುಗದೆಲೆ ಹಾಸಿ ಕೂತೆವು. ಯಾರೂ ಬರಲಿಲ್ಲ. ಕೂಗಲು ನನಗೆ ನಾಚಿಕೆ. ತಮ್ಮ ಮಾತ್ರ ಒಂದೊಂದೇ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಆಗ ಅವ್ವ ಬಂದು ಎದುರಿಗೆ ನಿಂತು, ನಮ್ಮನ್ನು ಕಂಡೇ ಇಲ್ಲದವಳಂತೆ, ಮನೆಯ ಕನ್ನಡ ಬಿಟ್ಟು ಸಂತೆಯ ತಮಿಳಿನಲ್ಲಿ ಮಾವಿನಕಾಯಿಯ ಬೆಲೆ ಕೇಳಿದಳು: "ಏಮ್ಮಾ, ಮಾಂಗಾ ಎನ್ನ ವಿಲೆ?"

"ಅವ್ವಾ, ನಾನು!" ಎಂದೆ.

"ಯಾರ್ ಅವ್ವಾ? ವಿಲೆಯ ಸೊಲ್ಲು!"

ಸುತ್ತ ಇದ್ದವರು ತಿರುಗಿ ನೋಡಿದರು. ನಾನೂ ತಮಿಳಿಗೆ ತಿರುಗಿ, ಕಾಸಿಗೆ ನಾಲ್ಕು ಹೋಳು ಎಂದೆ. ಆಕೆ ಆರು ಕೇಳಿದಳು. ಆಗಲ್ಲ ಎಂದೆ. ಹೋಗುವಂತೆ ಎರಡು ಹೆಜ್ಜೆ ಇಟ್ಟಳು. ನಾನು ಎಲೆಯ ಮೇಲಿನ ಹೋಳುಗಳನ್ನು ಜೋಡಿಸುತ್ತಾ ಕೂತೆ. ಆಕೆ ತಿರುಗಿ ಬಂದು ಕಾಸು ಕೊಟ್ಟಳು. ಹೋಳು ಕಚ್ಚಿ, ಒಂದು ಕಣ್ಣು ಮುಚ್ಚಿ, ಸಂತೆಗೆಲ್ಲ ಕೇಳುವಂತೆ ನಾಲಿಗೆ ಚಪ್ಪರಿಸಿದಳು. ಅದನ್ನು ಕಂಡವರ ಬಾಯಲ್ಲೆಲ್ಲ ನೀರೂರಿರಬೇಕು. ಸ್ವಲ್ಪ ಹೊತ್ತಿಗೆ ಎಲೆ ಬರಿದಾಯಿತು.

ಮನೆಯಲ್ಲಿ ಅಮ್ಮ ಗದರಿದಳು. "ಹೆಣ್ಣುಮಗು ಸಂತೆಯಾಗೆ ಕುಂತು ಮಾರದಾ? ಊರೋರು ಏನಂದಾರು ಅತ್ತೇ?"

"ಒಸಿ ಹುಳಿ ಅಂದಾರು," ಎಂದು ಅವ್ವ ಮುದ್ದೆಗೆ ಕೈ ಹಾಕಿದಳು. ಅಪ್ಪ ನಗು ತಡೆಯಲಾರದೆ ಎದ್ದು ಹಿತ್ತಲಿಗೆ ಹೋದ.

ಆ ದುಡ್ಡಿನಲ್ಲಿ ಏನು ಕೊಳ್ಳುವುದೆಂದು ನಾವಿಬ್ಬರೂ ವಾರವೆಲ್ಲ ಜಗಳವಾಡಿದೆವು. ನನಗೆ ಬಳೆ, ಅವನಿಗೆ ಬುಗುರಿ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ನಮ್ಮ ಎಮ್ಮೆಕರುವಿಗೆ ಒಂದು ಪುಟ್ಟ ಗಂಟೆ. ಮುಂದಿನ ಸಂತೆಗೆ ಅವ್ವ ಕೊಟ್ಟ ಕಾಸನ್ನೂ ಸೇರಿಸಿ ತಂದು ಅದರ ಕೊರಳಿಗೆ ಕಟ್ಟಿದೆವು. ಕರು ತಲೆ ಅಲ್ಲಾಡಿಸಿತು, ಸದ್ದಿಗೆ ಬೆಚ್ಚಿ ಓಡಿತು; ಓಡಿದಷ್ಟೂ ಗಂಟೆ ಬಾರಿಸಿತು, ಬಾರಿಸಿದಷ್ಟೂ ಅದು ಓಡಿತು. ನಾಟಿ ಮಾಡುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ನಗುತ್ತಿದ್ದರು. ನಾನೂ ತಮ್ಮನೂ ಬದುವಿನ ಮೇಲೆ, ಕೆಸರಿನಲ್ಲಿ, ಮತ್ತೆ ಬದುವಿನ ಮೇಲೆ, ಅದರ ಹಿಂದೆ ಓಡುತ್ತಲೇ ಇದ್ದೆವು.