ಹತ್ತೊಂಬತ್ತು

ನನ್ನ ತಂಗಿ ಮಾದಿಯ ಶಾಲೆಗೆ ನಾನು ಹೋಗಬೇಕಾಗಿದ್ದದ್ದು ಒಂದೇ ಒಂದು ದಿನ. ಹೋಗಲಿಲ್ಲ. ಅವಳ ಪಕ್ಕದಲ್ಲಿ ಅರ್ಧ ಗಂಟೆ ಕೂತು ಅವಳು ಹೇಳುವುದನ್ನು ಕೇಳಿದ್ದರೆ ಸಾಕಿತ್ತು. ಕೆಲಸವಿತ್ತು ಎಂದು ಆಗ ಎಲ್ಲರಿಗೂ ಹೇಳಿದೆ. ಕೆಲಸವೇನೂ ಇರಲಿಲ್ಲ.

ಮಾದಿಯ ಬಾಯಲ್ಲಿ ಸದಾ ಇದ್ದ ಮಾತು ‘ಏಕ?’. ಬೆಟ್ಟದ ಬಡಗರಾದ ನಮ್ಮ ಮಾತಿನಲ್ಲಿ ಯಾಕೆ ಎನ್ನುವುದಕ್ಕೆ ಹಾಗೆನ್ನುತ್ತೇವೆ. ಹುಟ್ಟಿದಾಗ ಇವಳು ಅತ್ತದ್ದಲ್ಲ, ಏಕ ಅಂತ ಕೇಳಿದ್ದು ಎಂದು ಅಪ್ಪ ನಗುತ್ತಿದ್ದ. ಅರವಂಕಾಡಿನ ಕಾರ್ಖಾನೆಯ ಸಂಗು, ಅಂದರೆ ಸೈರನ್, ಕೂಗಿದರೆ ನಾವೆಲ್ಲ ಹೊತ್ತು ತಿಳಿದುಕೊಳ್ಳುತ್ತಿದ್ದೆವು. ಅವಳಿಗೆ ಮಾತ್ರ, ಮೋಡ ಕವಿದ ದಿನ ಅದು ಹತ್ತಿರ ಕೇಳುವುದು ಯಾಕೆ ಎಂದು ತಿಳಿಯಬೇಕಿತ್ತು. ತೆಳ್ಳಗೆ ಇದ್ದಳು. ಕುಪ್ಪಸದ ತೋಳು ಯಾವಾಗಲೂ ಒದ್ದೆ. ನೀರು ಕಂಡಲ್ಲಿ ಕೈ ಹಾಕುವಳು. ತಪ್ಪು ಮಾಡಿ ಸಿಕ್ಕಿಬಿದ್ದರೆ ಓಡುತ್ತಿರಲಿಲ್ಲ. ನಿಂತು, ತಪ್ಪು ಹೇಗಾಯಿತು ಎಂದು ವಿವರಿಸುತ್ತಿದ್ದಳು. ಅದಕ್ಕೇ ಇನ್ನೊಂದು ಏಟು ಬೀಳುತ್ತಿತ್ತು.

ಅವ್ವೆ ತೀರಿಕೊಂಡಿದ್ದಳು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಐದನೇ ತರಗತಿವರೆಗೆ ಹೋಗಿದ್ದ ನಾನೇ ಮನೆಯ ಓದಿದವಳು. ಹಟ್ಟಿಯ ಕೆಳಗಿನ ಎಲೆ ಶೆಡ್ಡಿನಲ್ಲಿ ಹೆಂಗಸರು ಕಿತ್ತು ತಂದ ಟೀ ಸೊಪ್ಪು ತೂಗಿ ಬರೆದುಕೊಳ್ಳುವ ಕೆಲಸ ನನ್ನದು. ಬೆಳಗ್ಗೆ ಒಂದು ತೂಕ, ಮಧ್ಯಾಹ್ನ ಒಂದು, ಸಂಜೆ ಒಂದು. ಮೂರನ್ನೂ ಕೂಡಿಸಿದರೆ ಒಬ್ಬ ಹೆಂಗಸಿನ ದಿನದ ಲೆಕ್ಕ. ನನಗೆ ಗೊತ್ತಿದ್ದ ಅಳತೆ ಅದೊಂದೇ.

ಮಾದಿ ಏಳನೇ ತರಗತಿಗೆ ಬಂದ ವರ್ಷ ಅವಳ ಶಾಲೆಗೆ ಸ್ಟೆಲ್ಲಾ ಟೀಚರ್ ಬಂದರು. ಆ ಸಣ್ಣ ಶಾಲೆಯಲ್ಲಿ ಅವರು ನೂರಕ್ಕೆ ಇಷ್ಟು ಎಂಬುದನ್ನೇ ತೆಗೆದುಹಾಕಿದರು. ರ‍್ಯಾಂಕೂ ಇಲ್ಲ. ವಿಜ್ಞಾನಕ್ಕೆ ನಾಲ್ಕು ಅಳತೆ: ವಿಷಯ ತಿಳಿದಿದೆಯೇ, ತಾನೇ ಹುಡುಕಿ ನೋಡುತ್ತಾಳೆಯೇ, ಕಂಡದ್ದನ್ನು ಬರೆದು ಹೇಳುತ್ತಾಳೆಯೇ, ಕಲಿತದ್ದನ್ನು ಬದುಕಿಗೆ ತರುತ್ತಾಳೆಯೇ. ಒಂದೊಂದಕ್ಕೂ ಎಂಟು ಮೆಟ್ಟಿಲು. ಮೂರನೆಯ ಮೆಟ್ಟಿಲಲ್ಲಿ ಇರುವವಳು ಏನು ಮಾಡಬಲ್ಲಳು, ಏಳನೆಯದರಲ್ಲಿ ಇರುವವಳು ಏನು ಮಾಡಬಲ್ಲಳು ಎಂದು ಮೊದಲೇ ಗೋಡೆಗೆ ಬರೆದು ಅಂಟಿಸಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆ ಚಳಿಗಾಲ ಮಾದಿ ನಮ್ಮ ಮನೆಯ ಮೂರು ಲೋಟ ಕದ್ದಳು. ಒಂದನ್ನು ಹಳ್ಳದ ಪಕ್ಕದ ಟೀ ಗಿಡಗಳ ನಡುವೆ, ಒಂದನ್ನು ಇಳಿಜಾರಿನಲ್ಲಿ, ಒಂದನ್ನು ಸಿಲ್ವರ್ ಓಕ್ ಮರದ ಕೆಳಗೆ ನೀರು ತುಂಬಿಸಿಟ್ಟಳು. ಬೆಳಗ್ಗೆ ಎದ್ದು ಯಾವುದು ಹೆಪ್ಪುಗಟ್ಟಿದೆ ಎಂದು ಬರಿಗಾಲಲ್ಲಿ ಓಡಿ ನೋಡುವಳು. ಮಂಜು ಬಿದ್ದರೆ ಹಳ್ಳದ ಸೊಪ್ಪೇ ಮೊದಲು ಕರಟುವುದು ಏಕ ಎಂಬುದು ಅವಳ ಪ್ರಶ್ನೆ. ಕಾಫಿಗೆ ಲೋಟ ಸಿಗದೆ ನಾನು ಬೈಯುತ್ತಿದ್ದೆ. ತಣ್ಣನೆಯ ಗಾಳಿ ನೀರಿನಂತೆ ಕೆಳಗಿಳಿದು ಹಳ್ಳದಲ್ಲಿ ನಿಲ್ಲುತ್ತದೆ ಎಂಬ ಉತ್ತರ ಸಿಕ್ಕಿದಾಗ ಹಟ್ಟಿಯವರಿಗೆಲ್ಲ ಹೇಳಿದಳು. ಕಾಗದದಲ್ಲಿ ಮಾತ್ರ ಎರಡೇ ಸಾಲು ಬರೆದಳು.

ಪ್ರೋಗ್ರೆಸ್ ಕಾರ್ಡು ಬಂತು. ಐದು, ಏಳು, ಮೂರು, ನಾಲ್ಕು. ಒಂದೊಂದು ಅಂಕಿಯ ಮುಂದೆ ತಮಿಳಿನಲ್ಲಿ ಸಣ್ಣ ಅಕ್ಷರದ ಸಾಲುಗಳಿದ್ದವು. ಓದಲು ನನಗೆ ಬರುತ್ತಿತ್ತು. ಓದಲಿಲ್ಲ. ಶೆಡ್ಡಿನಲ್ಲಿ ಮಾಡುವಂತೆ ನಾಲ್ಕನ್ನೂ ಕೂಡಿಸಿದೆ. ಹತ್ತೊಂಬತ್ತು. ನೂರಕ್ಕೆ ಹತ್ತೊಂಬತ್ತು ಎಂದುಕೊಂಡೆ.

‘ಅಕ್ಕ, ಅದ ಕೂಡಿಸೋಕೆ ಆಗದು’ ಎಂದಳು ಮಾದಿ. ‘ಅದು ಬೇರೆ, ಇದು ಬೇರೆ.’

ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಸಹಿ ಹಾಕಲಿಲ್ಲ. ಮರುದಿನ ಅವಳು ಬುತ್ತಿ ತಂದಾಗ, ತೂಕಕ್ಕೆ ನಿಂತಿದ್ದ ಹೆಂಗಸರ ಮುಂದೆಯೇ, ಲೋಟದಲ್ಲಿ ನೀರಿಟ್ಟು ಹತ್ತೊಂಬತ್ತು ತಂದವಳು ಬಂದಳು ನೋಡಿ ಎಂದೆ. ಅವರು ನಕ್ಕರು. ನಾನೂ ನಕ್ಕೆ. ಅಂದಿನಿಂದ ಹಟ್ಟಿಯಲ್ಲಿ ಅವಳ ಹೆಸರು ಹತ್ತೊಂಬತ್ತು. ‘ಏ ಹತ್ತೊಂಬತ್ತೇ, ನಾಳೆ ಮಂಜು ಬೀಳುತ್ತಾ?’ ಎಂದು ಮುದುಕರೂ ಕೇಳುತ್ತಿದ್ದರು. ಮೊದಲ ಎರಡು ದಿನ ಆಕಾಶ ನೋಡಿ ನಿಜವಾಗಿಯೇ ಉತ್ತರ ಕೊಟ್ಟಳು.

ಕಾರ್ಡಿನ ಜೊತೆ ಒಂದು ಚೀಟಿಯೂ ಇತ್ತು. ಶುಕ್ರವಾರ ಮನೆಯವರು ಬರಬೇಕು, ಮಕ್ಕಳೇ ತಮ್ಮ ಕೆಲಸ ತೋರಿಸುತ್ತಾರೆ, ಕೂತು ಕೇಳಬೇಕು ಎಂದು. ಐದನೇ ತರಗತಿಯವಳು ಅಲ್ಲಿ ಹೋಗಿ ಏನು ಮಾಡಲಿ? ನನ್ನನ್ನೇನಾದರೂ ಕೇಳಿದರೆ? ಆ ಭಯವನ್ನು ಕೋಪ ಎಂದು ತೋರಿಸಿಕೊಂಡೆ. ಆ ಶುಕ್ರವಾರ ಮಾದಿ ಮೂರು ಲೋಟಗಳನ್ನೂ ಶಾಲೆಯ ಬೆಂಚಿನ ಮೇಲೆ ಜೋಡಿಸಿಕೊಂಡು ಸಂಜೆಯ ಸಂಗು ಕೂಗುವವರೆಗೆ ಕೂತಿದ್ದಳಂತೆ.

ಮರುವಾರ ಸ್ಟೆಲ್ಲಾ ಟೀಚರ್ ತಾವೇ ಶೆಡ್ಡಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಬುಟ್ಟಿಯಿಂದ ಒಂದು ಚಿಗುರು ಎತ್ತಿಕೊಂಡರು.

‘ಇದು ಒಳ್ಳೆಯ ಸೊಪ್ಪೇ ಅಂತ ಹೇಗೆ ನೋಡುತ್ತೀಯಮ್ಮ? ಪಕ್ಕದವಳ ಬುಟ್ಟಿಗಿಂತ ಮೇಲೋ ಕೆಳಗೋ ಅಂತಲಾ?’

‘ಇಲ್ಲ ಟೀಚರ್. ಎರಡು ಎಲೆ, ಒಂದು ಮೊಗ್ಗು ಇದೆಯಾ ಅಂತ.’

‘ಒದ್ದೆ ಇದೆಯಾ ಅಂತ ಬೇರೆ ನೋಡುತ್ತೀಯ, ಕಡ್ಡಿ ಸೇರಿದೆಯಾ ಅಂತ ಬೇರೆ. ಅದನ್ನೆಲ್ಲ ಕೂಡಿಸುತ್ತೀಯಾ?’

ನನಗೆ ಅರ್ಥವಾಗಿತ್ತು, ಅದನ್ನು ಇಲ್ಲಿ ಬರೆಯಲೇಬೇಕು. ಆ ಕ್ಷಣದಲ್ಲೇ ಪೂರ್ತಿ ಅರ್ಥವಾಗಿತ್ತು. ಆದರೆ ಸುತ್ತ ಹೆಂಗಸರು ನಿಂತಿದ್ದರು. ನಮಗೆ ಮಾರ್ಕು ಕೊಡುವ ಶಾಲೆಯೇ ಸಾಕು ಎಂದುಬಿಟ್ಟೆ. ಜೂನ್‌ನಲ್ಲಿ ಮಾದಿಯನ್ನು ಕೂನೂರಿನ ಬೇರೆ ಶಾಲೆಗೆ ಹಾಕಿಸಿದೆ.

ಅಲ್ಲಿ ಅವಳಿಗೆ ಅರವತ್ತು ಬಂತು, ಎಪ್ಪತ್ತು ಬಂತು. ನಾನು ಸಹಿ ಹಾಕಿದೆ. ಲೋಟಗಳು ಮನೆಯಲ್ಲೇ ಉಳಿದವು. ಆ ವರ್ಷದ ಚಳಿಯಲ್ಲಿ ಹಳ್ಳದ ಸೊಪ್ಪು ಕರಟಿದಾಗ ಅವಳು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಅವಳು ‘ಏಕ’ ಎಂದು ಕೇಳಿ ಎಷ್ಟು ದಿನವಾಯಿತು ಎಂದು ಅಪ್ಪನೇ ಒಮ್ಮೆ ಕೇಳಿದ. ದೊಡ್ಡವಳಾದಳಲ್ಲ ಎಂದೆ.

ಮದುವೆಯಾಗಿ ನಾನು ಗುಂಡ್ಲುಪೇಟೆಯ ಕಡೆ ಬಂದೆ. ನಾನೀಗ ಬರೆಯುತ್ತಿರುವ ಈ ಕನ್ನಡ ಅಕ್ಷರ ಕಲಿತದ್ದು ಇಲ್ಲಿ. ಮಾದಿ ಮಸಿನಗುಡಿ ಹತ್ತಿರದ ಬೊಕ್ಕಾಪುರದ ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪ ಹೋದ ಮೇಲೆ ಅವನ ಪೆಟ್ಟಿಗೆ ಖಾಲಿ ಮಾಡುವಾಗ ಆ ಕಾರ್ಡು ಸಿಕ್ಕಿತು. ಆಗ ಓದಿದೆ. ಏಳರ ಮುಂದೆ, ಪ್ರಶ್ನೆ ಕೇಳುವುದನ್ನು ಈ ಮಗುವಿಗೆ ಯಾರೂ ಕಲಿಸಬೇಕಿಲ್ಲ ಎಂದಿತ್ತು. ಮೂರರ ಮುಂದೆ, ಬರೆಯುವಾಗ ಮನೆಯವರು ಯಾರಾದರೂ ಪಕ್ಕದಲ್ಲಿ ಕೂತರೆ ಸಾಕು ಎಂದಿತ್ತು.

ಮುಂದಿನ ವಾರವೇ ಮಸಿನಗುಡಿಯ ಬಸ್ಸು ಹತ್ತಿದೆ. ಮಾದಿ ಬಾಲವಾಡಿಯ ಮೆಟ್ಟಿಲಲ್ಲಿ ಕೂತು ಮಕ್ಕಳ ಲೋಟ ತೊಳೆಯುತ್ತಿದ್ದಳು. ತೋಳು ಒದ್ದೆ. ಕಾರ್ಡನ್ನು ಅವಳ ಮುಂದಿಟ್ಟೆ. ಕೈ ಒರೆಸಿಕೊಂಡು ಎತ್ತಿ ನೋಡಿದಳು.

‘ಇದ ಈಗ ತಂದದು ಏಕ, ಅಕ್ಕ?’

ನಾನು ಅವಳ ಪಕ್ಕದಲ್ಲಿ, ಒದ್ದೆ ಮೆಟ್ಟಿಲ ಮೇಲೆಯೇ ಕೂತೆ.

‘ಎನಗ ಓದೋಕೆ ಬರ್ತಿತ್ತು, ಮಾದಿ. ಓದಲಿಲ್ಲೆ. ನೀ ಕಾದೆ, ನಾ ಬರಲಿಲ್ಲೆ. ಟೀಚರ್ ಹೇಳಿದದು ತಿಳಿದರೂ ತಿಳಿಯದ ಹಂಗ ನಿಂತೆ. ಸೊಪ್ಪ ತೂಗಿದ ಹಂಗ ನಿನ್ನ ತೂಗಿದೆ. ಎನ್ನ ತಪ್ಪು, ತಂಗೆ.’